ವೇಗ ಸ್ಥಿರಾಂಕ ಕೈಪಿಡಿಯದ್ದಕ್ಕಿಂತ ಸುಮಾರು ಎರಡು ಪಟ್ಟು ಬರುತ್ತಿದೆ: ಕರಾವಳಿಯ ಪ್ರಯೋಗಾಲಯದಲ್ಲಿ ಕೈನೆಟಿಕ್ಸ್ (ಕ್ರಿಯಾವೇಗದ ಅಧ್ಯಯನ) ಓದುವುದು ಹೇಗೆ?

ಹಂಪನಕಟ್ಟೆ_ಬಿಎಸ್ಸಿ

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಈ ಸೆಮಿಸ್ಟರಿನ ಭೌತ ರಸಾಯನಶಾಸ್ತ್ರದ ಪ್ರಯೋಗಗಳಲ್ಲಿ ಮೀಥೈಲ್ ಅಸಿಟೇಟನ್ನು ಹೈಡ್ರೋಕ್ಲೋರಿಕ್ ಆಮ್ಲದ ಜೊತೆ ಇಟ್ಟು, ಅದು ನೀರಿನೊಂದಿಗೆ ವರ್ತಿಸಿ ಒಡೆಯುವ ವೇಗವನ್ನು ಅಳೆಯುವುದು ಒಂದು. ಆಮ್ಲ 0.5 ನಾರ್ಮಲ್. ಹತ್ತು ಹತ್ತು ನಿಮಿಷಕ್ಕೊಮ್ಮೆ 5 ಮಿಲಿಲೀಟರ್ ಪಿಪೆಟ್‌ನಲ್ಲಿ ತೆಗೆದು, ಐಸ್ ಹಾಕಿದ ನೀರಿಗೆ ಬಿಟ್ಟು, ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಟೈಟ್ರೇಟ್ ಮಾಡಿ ಆಮ್ಲ ಎಷ್ಟಿದೆ ಎಂದು ಅಳೆಯುತ್ತೇವೆ. ಗ್ರಾಫ್ ಚೆನ್ನಾಗಿಯೇ ಬಂದಿದೆ, ಬಿಂದುಗಳೆಲ್ಲ ಒಂದೇ ಸರಳರೇಖೆಯ ಮೇಲೆ ಕೂರುತ್ತವೆ. ಆದರೆ ಇಳಿಜಾರಿನಿಂದ ಲೆಕ್ಕ ಹಾಕಿದರೆ ವೇಗ ಸ್ಥಿರಾಂಕ ನಿಮಿಷಕ್ಕೆ 0.0061 ಬರುತ್ತದೆ. ಕೈಪಿಡಿಯಲ್ಲಿರುವುದು 0.0033.

ನನ್ನ ಜೊತೆಯವರಿಗೂ ಹೆಚ್ಚುಕಡಿಮೆ ಇದೇ ಬಂದಿದೆ. ರೆಕಾರ್ಡ್ ಪುಸ್ತಕಕ್ಕೆ ಕೈಪಿಡಿಯ ಮೌಲ್ಯಕ್ಕೆ ಹತ್ತಿರವಾಗುವಂತೆ ಬರೆಯಿರಿ ಎಂದು ಹೇಳಿದ್ದಾರೆ. ನನಗೆ ಹಾಗೆ ಬರೆಯಲು ಮನಸ್ಸಿಲ್ಲ. ಎಲ್ಲರಿಗೂ ಒಂದೇ ದಿಕ್ಕಿನಲ್ಲಿ ವ್ಯತ್ಯಾಸ ಬರುತ್ತಿದೆ ಎಂದರೆ ಅದಕ್ಕೊಂದು ಕಾರಣ ಇರಲೇಬೇಕಲ್ಲವೇ? ತಿಳಿದವರು ದಯವಿಟ್ಟು ವಿವರಿಸಿ. ಹಾಗೆಯೇ ಈ ವಿಷಯವನ್ನು ಸೂತ್ರ ಬಾಯಿಪಾಠ ಮಾಡದೆ ಓದುವ ದಾರಿ ಯಾವುದು ಎಂಬುದನ್ನೂ ತಿಳಿಸಿ.

ಸುರತ್ಕಲ್_ಸಂಶೋಧಕಿ

ತಂಗಿ, ಉಷ್ಣತೆ ಎಷ್ಟಿತ್ತು? ನಿಮ್ಮದು ಮತ್ತು ಕೈಪಿಡಿಯದ್ದು, ಎರಡನ್ನೂ ಹೇಳಿ. ಉಷ್ಣತೆ ಇಲ್ಲದೆ ಬರೆದ ವೇಗ ಸ್ಥಿರಾಂಕಕ್ಕೆ ಅರ್ಥವಿಲ್ಲ.

ಹಂಪನಕಟ್ಟೆ_ಬಿಎಸ್ಸಿ

ಕೈಪಿಡಿಯಲ್ಲಿ 25 ಡಿಗ್ರಿ ಎಂದಿದೆ, ಅಕ್ಕ. ನಾವು ಮಾಡಿದ್ದು ಏಪ್ರಿಲ್‌ನ ಮಧ್ಯಾಹ್ನ, ಮೇಜಿನ ಮೇಲಿಟ್ಟ ಥರ್ಮಾಮೀಟರ್ 32 ತೋರಿಸುತ್ತಿತ್ತು. ಫ್ಲಾಸ್ಕ್ ಮೇಜಿನ ಮೇಲೆಯೇ ಇತ್ತು, ನೀರಿನ ತೊಟ್ಟಿಯಲ್ಲಿ ಇಟ್ಟಿರಲಿಲ್ಲ.

ಬಜ್ಪೆ_ಹಳೇ_ವಿದ್ಯಾರ್ಥಿ

ನಾನು ಇದನ್ನೆಲ್ಲ ದಾಟಿ ಬಂದವನು. ಅಂಕ ಬೇಕಿದ್ದರೆ ಕೈಪಿಡಿಯ ಮೌಲ್ಯ ಬರೆದು ಮುಂದೆ ಹೋಗಿ. ಹೊರಗಿನಿಂದ ಬರುವ ಪರೀಕ್ಷಕರು ಉತ್ತರ ನೋಡುತ್ತಾರೆ, ನಿಮ್ಮ ಮೇಜಿನ ಮೇಲಿನ ಥರ್ಮಾಮೀಟರನ್ನಲ್ಲ. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ನಿವೃತ್ತ_ಅಧ್ಯಾಪಕ_ಉಡುಪಿ

ಇಲ್ಲ, ಹಾಗೆ ಮಾಡಬೇಡಿ. ಬಜ್ಪೆಯವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಈ ಹುಡುಗಿಗೆ ಬಂದಿರುವ ಉತ್ತರ ಸರಿಯಾಗಿದೆ ಎಂಬುದನ್ನು ಮೊದಲು ನೋಡೋಣ.

ಉಷ್ಣತೆಯೊಂದಿಗೆ ವೇಗ ಹೇಗೆ ಬದಲಾಗುತ್ತದೆ ಎಂದು ಹೇಳುವ ಅರೇನಿಯಸ್ ಸಮೀಕರಣವನ್ನು ಎರಡು ಉಷ್ಣತೆಗಳಿಗೆ ಹಚ್ಚಿ. ಆಮ್ಲದಲ್ಲಿ ಮೀಥೈಲ್ ಅಸಿಟೇಟ್ ಒಡೆಯುವುದಕ್ಕೆ ಬೇಕಾದ ಆಕ್ಟಿವೇಶನ್ ಶಕ್ತಿ (ಕ್ರಿಯೆ ನಡೆಯಲು ಅಣುಗಳು ದಾಟಬೇಕಾದ ಶಕ್ತಿಯ ಏರು) ಮೋಲ್‌ಗೆ 70 ಕಿಲೋಜೂಲ್‌ನ ಆಸುಪಾಸಿನಲ್ಲಿದೆ. ಅದನ್ನು ಅನಿಲ ಸ್ಥಿರಾಂಕ 8.314ರಿಂದ ಭಾಗಿಸಿದರೆ ಸುಮಾರು 8,420. 298 ಮತ್ತು 305 ಕೆಲ್ವಿನ್‌ಗಳ ವಿಲೋಮಗಳ ವ್ಯತ್ಯಾಸ 0.000077. ಇವೆರಡನ್ನು ಗುಣಿಸಿದರೆ 0.648. ಇದು ವೇಗ ಸ್ಥಿರಾಂಕಗಳ ಅನುಪಾತದ ಸಹಜ ಲಾಗರಿದಮ್. ಅಂದರೆ ಅನುಪಾತ ಸುಮಾರು 1.9. ನಿಮಗೆ ಬಂದಿರುವ 0.0061ನ್ನು 0.0033ರಿಂದ ಭಾಗಿಸಿ ನೋಡಿ: 1.85. ಬ್ಯುರೆಟ್ ಮತ್ತು ಗಡಿಯಾರ ಮಾತ್ರ ಇರುವ ಪ್ರಯೋಗಾಲಯದಲ್ಲಿ ಇದಕ್ಕಿಂತ ಒಳ್ಳೆಯ ಹೊಂದಾಣಿಕೆಯನ್ನು ಯಾರೂ ಕೇಳಲಾರರು. ಕೇವಲ ಏಳು ಡಿಗ್ರಿಯ ವ್ಯತ್ಯಾಸ ವೇಗವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿದೆ. ಇಡೀ ಅಧ್ಯಾಯದಲ್ಲಿ ಕಲಿಯಬೇಕಾದ ದೊಡ್ಡ ಮಾತನ್ನು ನಿಮ್ಮ ಫ್ಲಾಸ್ಕ್ ತಾನಾಗಿಯೇ ಹೇಳಿದೆ. ಅದನ್ನು ಅಳಿಸಿ 0.0033 ಎಂದು ಬರೆಯುವುದು ಎಷ್ಟು ನಷ್ಟ ಯೋಚಿಸಿ.

ರೆಕಾರ್ಡ್‌ನಲ್ಲಿ ನಿಮ್ಮ ಮೌಲ್ಯವನ್ನೇ ಬರೆಯಿರಿ, ಪಕ್ಕದಲ್ಲಿ ‘32 ಡಿಗ್ರಿಯಲ್ಲಿ’ ಎಂದು ನಮೂದಿಸಿ, ಕೆಳಗೆ ಈ ನಾಲ್ಕು ಸಾಲಿನ ಲೆಕ್ಕ ಕೊಡಿ. ನಾನು ಬಹಳ ವರ್ಷ ಪರೀಕ್ಷಕನಾಗಿದ್ದವನು. ಹೀಗೆ ಬರೆದ ರೆಕಾರ್ಡ್ ಕೈಗೆ ಬಂದಾಗ ವೈವಾ ಅಲ್ಲಿಂದಲೇ ಶುರು ಮಾಡುತ್ತಿದ್ದೆ, ಆ ವಿದ್ಯಾರ್ಥಿಗೆ ಅಂಕ ಕಡಿಮೆ ಕೊಟ್ಟದ್ದಿಲ್ಲ.

ಇನ್ನು ನಮ್ಮ ಕರಾವಳಿಗೇ ಸಂಬಂಧಿಸಿದ ಒಂದು ಮಾತು. ಕಾಲೇಜುಗಳಲ್ಲಿರುವ ಸಾಮಾನ್ಯ ಥರ್ಮೋಸ್ಟಾಟ್ ತೊಟ್ಟಿಗೆ ಬಿಸಿ ಮಾಡುವುದು ಮಾತ್ರ ಗೊತ್ತು, ತಂಪು ಮಾಡುವುದು ಗೊತ್ತಿಲ್ಲ. ಕೋಣೆಯೇ 32 ಇರುವಾಗ ಅದನ್ನು 25ಕ್ಕೆ ತಿರುಗಿಸಿ ಇಟ್ಟರೆ ಅದು ಸುಮ್ಮನೆ ಕೂರುತ್ತದೆ, ನೀರು 32ರಲ್ಲೇ ಇರುತ್ತದೆ. ದೀಪ ಆರಿದ್ದನ್ನು ನೋಡಿ ಉಷ್ಣತೆ ಸ್ಥಿರವಾಯಿತು ಎಂದುಕೊಳ್ಳುವವರನ್ನು ಕಂಡಿದ್ದೇನೆ. ಆದ್ದರಿಂದ ಇಲ್ಲಿ 35 ಮತ್ತು 45 ಡಿಗ್ರಿಗಳನ್ನು ಆರಿಸಿಕೊಳ್ಳಿ. ಎರಡೂ ಕೋಣೆಯ ಉಷ್ಣತೆಗಿಂತ ಮೇಲಿರುವುದರಿಂದ ತೊಟ್ಟಿ ಅವನ್ನು ಹಿಡಿದಿಡಬಲ್ಲದು. ವೇಗ ಸುಮಾರು ಎರಡೂ ಕಾಲು ಪಟ್ಟು ಹೆಚ್ಚುವುದು ಕಾಣುತ್ತದೆ, ಆಕ್ಟಿವೇಶನ್ ಶಕ್ತಿಯನ್ನು ನೀವೇ ಲೆಕ್ಕ ಹಾಕಬಹುದು. 45ರಲ್ಲಿ ಮಾಡುವಾಗ ಫ್ಲಾಸ್ಕಿನ ಬಿರಡೆ ಗಟ್ಟಿಯಾಗಿರಲಿ. ಮೀಥೈಲ್ ಅಸಿಟೇಟ್ 57 ಡಿಗ್ರಿಗೇ ಕುದಿಯುವ ದ್ರವ, ಆವಿಯಾಗಿ ಹೋದರೆ ಲೆಕ್ಕವೆಲ್ಲ ತಪ್ಪುತ್ತದೆ.

ಹಂಪನಕಟ್ಟೆ_ಬಿಎಸ್ಸಿ

ತುಂಬಾ ಧನ್ಯವಾದಗಳು ಸರ್. ಇನ್ನೊಂದು ಸಂಶಯ. ಟೈಟ್ರೇಶನ್ ಮುಗಿಯುವಾಗ ಸೂಚಕದ ಗುಲಾಬಿ ಬಣ್ಣ ಬಂದು, ಸ್ವಲ್ಪ ಹೊತ್ತಿನಲ್ಲಿ ಮತ್ತೆ ಮಾಯವಾಗುತ್ತದೆ. ಇನ್ನೊಂದು ಹನಿ ಹಾಕಿದರೆ ಮತ್ತೆ ಬರುತ್ತದೆ, ಮತ್ತೆ ಹೋಗುತ್ತದೆ. ಯಾವುದನ್ನು ಅಳತೆ ಎಂದು ತೆಗೆದುಕೊಳ್ಳಬೇಕು?

ನಿವೃತ್ತ_ಅಧ್ಯಾಪಕ_ಉಡುಪಿ

ಒಳ್ಳೆಯದನ್ನು ಗಮನಿಸಿದ್ದೀರಿ. ಫ್ಲಾಸ್ಕಿನಲ್ಲಿ ಇನ್ನೂ ಒಡೆಯದ ಎಸ್ಟರ್, ಅಂದರೆ ನಿಮ್ಮ ಮೀಥೈಲ್ ಅಸಿಟೇಟ್, ಉಳಿದಿರುತ್ತದೆ. ನೀವು ಹಾಕಿದ ಕ್ಷಾರ ಒಂದಿಷ್ಟು ಹೆಚ್ಚಾದ ಕ್ಷಣದಿಂದ ಅದು ಎಸ್ಟರನ್ನು ಒಡೆಯಲು ಶುರು ಮಾಡುತ್ತದೆ. ಕ್ಷಾರದಲ್ಲಿ ಎಸ್ಟರ್ ಆಮ್ಲದಲ್ಲಿ ಒಡೆಯುವುದಕ್ಕಿಂತ ಬಹಳ ಬೇಗ ಒಡೆಯುತ್ತದೆ. ಆ ಕ್ರಿಯೆಯಲ್ಲಿ ಕ್ಷಾರ ಖರ್ಚಾಗಿ ಬಣ್ಣ ಹೋಗುತ್ತದೆ. ಅಂದರೆ ನೀವು ಒಂದು ಕ್ರಿಯೆಯನ್ನು ಅಳೆಯುತ್ತಿರುವ ಫ್ಲಾಸ್ಕಿನಲ್ಲಿ ಇನ್ನೊಂದು ಕ್ರಿಯೆ ನಡೆಯುತ್ತಿದೆ. ಐಸ್ ನೀರು ಬಳಸುವುದು ಇದಕ್ಕೇ. ತಂಪು ಮತ್ತು ತೆಳುವಾಗುವಿಕೆ ಎರಡೂ ಕ್ರಿಯೆಗಳನ್ನು ನಿಧಾನಗೊಳಿಸುತ್ತವೆ. ಫ್ಲಾಸ್ಕ್ ಅಲ್ಲಾಡಿಸಿದ ಮೇಲೂ ಮೊದಲ ಬಾರಿಗೆ ಇಡೀ ದ್ರಾವಣದಲ್ಲಿ ನಿಂತ ತಿಳಿ ಗುಲಾಬಿಯನ್ನೇ ಕೊನೆ ಎಂದು ತೆಗೆದುಕೊಳ್ಳಿ, ಮಾಯವಾದ ಬಣ್ಣದ ಬೆನ್ನು ಹತ್ತಬೇಡಿ. ಎಲ್ಲ ಅಳತೆಗಳಲ್ಲೂ ಇದೇ ನಿಯಮ ಪಾಲಿಸಿ.

ಕುಂದಾಪುರ_ಎಂಎಸ್ಸಿ

ಈ ಚರ್ಚೆ ನೋಡಿ ತುಂಬಾ ಸಂತೋಷವಾಯಿತು. ನನ್ನದೊಂದು ಪ್ರಶ್ನೆ ಅನಂತ ಕಾಲದ ಅಳತೆಯ ಬಗ್ಗೆ. ಕ್ರಿಯೆ ಪೂರ್ತಿ ಮುಗಿದ ಮೇಲಿನ ಅಳತೆ ಇಲ್ಲದಿದ್ದರೆ ಗ್ರಾಫ್ ಎಳೆಯಲಾಗುವುದಿಲ್ಲ. ಮರುದಿನದವರೆಗೆ ಫ್ಲಾಸ್ಕ್ ಇಡಬೇಕು. ನಮ್ಮ ಪ್ರಯೋಗಾಲಯದಲ್ಲಿ ಅದು ಮರುದಿನ ಸಿಕ್ಕಿದರೆ ಪುಣ್ಯ, ಬೇರೆ ಬ್ಯಾಚಿನವರು ತೊಳೆದಿಟ್ಟಿರುತ್ತಾರೆ. ಬೇರೆ ಉಪಾಯ ಇದೆಯೇ?

ಸುರತ್ಕಲ್_ಸಂಶೋಧಕಿ

ಇದೆ. ಗುಗೆನ್‌ಹೈಮ್ 1926ರಲ್ಲಿ ಕೊಟ್ಟ ವಿಧಾನ. ಮೊದಲ ಆರ್ಡರ್ ಕ್ರಿಯೆಗಳಿಗೆ, ಅಂದರೆ ಉಳಿದಿರುವ ವಸ್ತುವಿನ ಪ್ರಮಾಣಕ್ಕೆ ನೇರ ಅನುಪಾತದಲ್ಲಿ ವೇಗ ಇರುವವುಗಳಿಗೆ, ಮಾತ್ರ. ಅಳತೆಗಳನ್ನು ಜೋಡಿ ಜೋಡಿಯಾಗಿ ತೆಗೆದುಕೊಳ್ಳಬೇಕು: ಒಂದು ಈಗ, ಅದರ ಜೋಡಿ ಒಂದು ನಿಗದಿತ ಅವಧಿಯ ನಂತರ. ಎಲ್ಲ ಜೋಡಿಗಳಿಗೂ ಅವಧಿ ಒಂದೇ ಇರಬೇಕು. ಜೋಡಿಯ ಎರಡು ಅಳತೆಗಳ ವ್ಯತ್ಯಾಸದ ಲಾಗ್ ತೆಗೆದು ಕಾಲದ ಎದುರು ಗ್ರಾಫ್ ಎಳೆದರೆ ಅನಂತ ಕಾಲದ ಅಳತೆಯ ಹಂಗೇ ಇಲ್ಲದೆ ಇಳಿಜಾರು ಸಿಗುತ್ತದೆ. ಆ ಅವಧಿ ಅರ್ಧಾಯುವಿನ (ಅರ್ಧ ವಸ್ತು ಒಡೆಯಲು ಹಿಡಿಯುವ ಕಾಲದ) ಎರಡು ಪಟ್ಟಾದರೂ ಇದ್ದರೆ ಒಳ್ಳೆಯದು. 32 ಡಿಗ್ರಿಯಲ್ಲಿ ಈ ಕ್ರಿಯೆಯ ಅರ್ಧಾಯು ಸುಮಾರು 114 ನಿಮಿಷ, ಆದ್ದರಿಂದ ಒಂದು ಪ್ರಯೋಗದ ಅವಧಿಯಲ್ಲಿ ಮುಗಿಯುವುದಿಲ್ಲ. ಸರ್ ಹೇಳಿದಂತೆ 45ರಲ್ಲಿ ಮಾಡಿದರೆ ಅರ್ಧಾಯು ಮುಕ್ಕಾಲು ಗಂಟೆಗಿಂತ ಕಡಿಮೆಯಾಗುತ್ತದೆ, ಆಗ ಸಾಧ್ಯ.

ಕುಂದಾಪುರ_ಎಂಎಸ್ಸಿ

ಇದು ಗೊತ್ತೇ ಇರಲಿಲ್ಲ. ನಮಗೆ ಈ ವಿಷಯ ಸಿಕ್ಕಿದ್ದೆಲ್ಲ ಸೂತ್ರಗಳ ರೂಪದಲ್ಲಿ. ಸಮೀಕರಣ ಕೊಟ್ಟು ಆರ್ಡರ್ ಎಷ್ಟು ಎಂದು ಕೇಳುತ್ತಾರೆ, ಎಡಗಡೆ ಎಷ್ಟು ಅಣುಗಳಿವೆ ಎಂದು ಎಣಿಸಿ ಬರೆಯುತ್ತೇವೆ. ಎಷ್ಟೋ ಸಲ ಅಂಕವೂ ಸಿಗುತ್ತದೆ. ಆಮೇಲೆ ಎಂ.ಎಸ್ಸಿ.ಗೆ ಬಂದಾಗ ಅದು ತಪ್ಪು ಎನ್ನುತ್ತಾರೆ.

ಸುರತ್ಕಲ್_ಸಂಶೋಧಕಿ

ಅಲ್ಲಿಯೇ ಇರುವುದು ನೋಡಿ ಈ ವಿಷಯದ ಜೀವಾಳ. ಕ್ರಿಯೆಯ ಆರ್ಡರ್ ಕಾಗದದ ಮೇಲಿನ ಸಮೀಕರಣದಿಂದ ಬರುವುದಿಲ್ಲ, ಅಳತೆಯಿಂದ ಬರುತ್ತದೆ. ಇದನ್ನು ಮೊದಲ ದಿನವೇ ಮನಸ್ಸಿಗೆ ನಾಟಿಸಿಕೊಂಡರೆ ಉಳಿದದ್ದೆಲ್ಲ ಸುಲಭ.

ಹೈಡ್ರೋಜನ್ ಜೊತೆ ಅಯೋಡಿನ್ ಸೇರುವುದನ್ನು ಮತ್ತು ಬ್ರೋಮಿನ್ ಸೇರುವುದನ್ನು ಪಕ್ಕಪಕ್ಕ ಇಡಿ. ಕಾಗದದಲ್ಲಿ ಎರಡೂ ಒಂದೇ ಥರ: ಒಂದು ಅಣು ಅದು, ಒಂದು ಅಣು ಇದು, ಎರಡು ಅಣು ಉತ್ಪನ್ನ. ಅಯೋಡಿನ್‌ನ ವೇಗ ನಿಯಮ ಸರಳ, ಎರಡೂ ಸಾರತೆಗಳ ಗುಣಲಬ್ಧ. ಬೋಡನ್‌ಸ್ಟೈನ್ ಮತ್ತು ಲಿಂಡ್ 1907ರಲ್ಲಿ ಬ್ರೋಮಿನ್‌ನದ್ದನ್ನು ಅಳೆದಾಗ ಸಿಕ್ಕಿದ್ದು ಬೇರೆಯೇ ರೂಪ: ಮೇಲ್ಗಡೆ ಬ್ರೋಮಿನ್ ಸಾರತೆಯ ಒಂದೂವರೆ ಘಾತ, ಕೆಳಗಡೆ ಉತ್ಪನ್ನವಾದ ಹೈಡ್ರೋಜನ್ ಬ್ರೋಮೈಡ್. ಉತ್ಪನ್ನವೇ ತನ್ನ ಕ್ರಿಯೆಯನ್ನು ತಡೆಯುತ್ತಿದೆ! ಅದೊಂದು ಸರಪಣಿ ಕ್ರಿಯೆ, ಬ್ರೋಮಿನ್ ಪರಮಾಣುಗಳು ಅದನ್ನು ನಡೆಸುತ್ತವೆ ಎಂಬ ವಿವರಣೆ ಬಂದದ್ದು 1919–20ರಲ್ಲಿ, ಕ್ರಿಸ್ಟಿಯನ್‌ಸೆನ್, ಹರ್ಜ್‌ಫೆಲ್ಡ್ ಮತ್ತು ಪೊಲಾನಿ ಬೇರೆಬೇರೆಯಾಗಿ ಕೊಟ್ಟದ್ದು.

ಅಯೋಡಿನ್‌ನ ಕಥೆ ಇನ್ನೂ ಸೊಗಸು. ವೇಗ ನಿಯಮ ಅಷ್ಟು ಸರಳವಾಗಿರುವುದರಿಂದ ಎರಡು ಅಣುಗಳು ನೇರವಾಗಿ ಡಿಕ್ಕಿ ಹೊಡೆದು ಕ್ರಿಯೆ ನಡೆಯುತ್ತದೆ ಎಂದು ದಶಕಗಳ ಕಾಲ ಪಠ್ಯಪುಸ್ತಕಗಳು ಹೇಳಿದವು. 1967ರಲ್ಲಿ ಸಲ್ಲಿವನ್ ಬೆಳಕಿನಿಂದ ಅಯೋಡಿನ್ ಪರಮಾಣುಗಳನ್ನು ಹುಟ್ಟಿಸಿ, ಕ್ರಿಯೆ ಆ ಪರಮಾಣುಗಳನ್ನು ಅವಲಂಬಿಸಿದೆ ಎಂದು ತೋರಿಸಿದರು. ಸರಿಯಾದ ವೇಗ ನಿಯಮ ಕೈಯಲ್ಲಿದ್ದರೂ ಒಳಗೆ ನಡೆಯುವುದು ಬೇರೆಯೇ ಆಗಿರಬಹುದು. ವೇಗ ನಿಯಮ ಕೆಲವು ಕ್ರಿಯಾವಿಧಾನಗಳನ್ನು ತಳ್ಳಿಹಾಕಬಲ್ಲದು, ಒಂದನ್ನೇ ಸಾಬೀತು ಮಾಡಲಾರದು. ನಾನು ಸಂಶೋಧನೆಗೆ ಬಂದ ಮೇಲೆ ನನಗೆ ಅತ್ಯಂತ ಉಪಯೋಗಕ್ಕೆ ಬಂದ ತಿಳಿವಳಿಕೆ ಇದೇ.

ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ನೋಡಬೇಕಿದ್ದರೆ ಅಸಿಟೋನ್ ಮತ್ತು ಅಯೋಡಿನ್ ಕ್ರಿಯೆ ಮಾಡಿ. ಅಯೋಡಿನ್ ಇಮ್ಮಡಿ ಮಾಡಿದರೂ ವೇಗ ಒಂದಿಷ್ಟೂ ಬದಲಾಗುವುದಿಲ್ಲ. ಆಮ್ಲ ಹೆಚ್ಚಿಸಿದರೆ ಬದಲಾಗುತ್ತದೆ. ಸಮೀಕರಣದ ಎಡಗಡೆ ಅಯೋಡಿನ್ ಇದೆ, ಆಮ್ಲ ಇಲ್ಲ. ಅಸಿಟೋನ್ ಆಮ್ಲದ ನೆರವಿನಿಂದ ಈನಾಲ್ ಎಂಬ ಇನ್ನೊಂದು ರೂಪಕ್ಕೆ ತಿರುಗುವುದೇ ನಿಧಾನದ ಹಂತ. ಅದಾದ ಮೇಲೆ ಅಯೋಡಿನ್ ಎಷ್ಟಿದ್ದರೂ ಕಾದು ನಿಂತಿರುತ್ತದೆ.

ಪುತ್ತೂರು_ಉಪನ್ಯಾಸಕಿ

ಪರ್ಮಾಂಗನೇಟ್ ಟೈಟ್ರೇಶನ್ನನ್ನೂ ಇದರ ಜೊತೆ ಸೇರಿಸಿಕೊಳ್ಳಿ. ಆಕ್ಸಾಲಿಕ್ ಆಮ್ಲವನ್ನು 60–70 ಡಿಗ್ರಿಗೆ ಬಿಸಿ ಮಾಡಿ ಪರ್ಮಾಂಗನೇಟ್ ಬಿಡುವಾಗ ಮೊದಲ ಹನಿಯ ನೇರಳೆ ಬಣ್ಣ ಹೋಗುವುದೇ ಇಲ್ಲ, ಮಕ್ಕಳು ಗಾಬರಿಯಾಗಿ ನನ್ನ ಮುಖ ನೋಡುತ್ತಾರೆ. ಫ್ಲಾಸ್ಕ್ ಅಲ್ಲಾಡಿಸುತ್ತಾ ನಿಂತರೆ ಬಣ್ಣ ನಿಧಾನವಾಗಿ ಕಂದಿ ಹೋಗುತ್ತದೆ. ಆಮೇಲೆ ಹನಿ ಬಿದ್ದಲ್ಲೇ ಬಣ್ಣ ಇಲ್ಲ. ಕ್ರಿಯೆಯಲ್ಲಿ ಹುಟ್ಟಿದ ಮ್ಯಾಂಗನೀಸ್ ಅಯಾನುಗಳೇ ಮುಂದಿನ ಕ್ರಿಯೆಗೆ ಕ್ರಿಯಾವರ್ಧಕ (ಕ್ಯಾಟಲಿಸ್ಟ್, ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು) ಆಗುತ್ತವೆ. ಪ್ರತಿ ಕಾಲೇಜಿನಲ್ಲೂ ಪ್ರತಿ ವರ್ಷ ನಡೆಯುವ ಪ್ರಯೋಗ ಇದು. ಆದರೂ ಇದನ್ನು ಕೈನೆಟಿಕ್ಸ್ ಪಾಠಕ್ಕೆ ಜೋಡಿಸಿ ಹೇಳುವವರು ಕಡಿಮೆ. ನಾನು ಮೊದಲ ಹನಿಗೆ ಎಷ್ಟು ಸೆಕೆಂಡ್, ಐದನೆಯ ಹನಿಗೆ ಎಷ್ಟು ಎಂದು ಬರೆದುಕೊಳ್ಳಲು ಹೇಳುತ್ತೇನೆ.

ಕ್ರಿಯಾವರ್ಧಕದ ಪಾಠಕ್ಕೆ ಘಾಟಿಯ ಉದಾಹರಣೆ ಕೊಡುತ್ತೇನೆ. ಬೆಂಗಳೂರಿನಿಂದ ಮಂಗಳೂರಿಗೆ ಯಾವ ಘಾಟಿಯಲ್ಲಿ ಇಳಿದರೂ ಎರಡೂ ಊರುಗಳ ಎತ್ತರ ಬದಲಾಗುವುದಿಲ್ಲ. ದಾರಿ ಬೇರೆಯಾದರೆ ಹತ್ತಬೇಕಾದ ಏರು ಮಾತ್ರ ಬೇರೆಯಾಗುತ್ತದೆ. ಹಾಗೆಯೇ ಕ್ರಿಯಾವರ್ಧಕ ಕ್ರಿಯೆಯ ಉಷ್ಣವನ್ನೂ ಬದಲಿಸುವುದಿಲ್ಲ, ಸಮತೋಲನ ಸ್ಥಿರಾಂಕವನ್ನೂ ಬದಲಿಸುವುದಿಲ್ಲ.

ನಿವೃತ್ತ_ಅಧ್ಯಾಪಕ_ಉಡುಪಿ

ಮೇಡಂ, ಉದಾಹರಣೆ ಚೆನ್ನಾಗಿದೆ. ಒಂದು ತಿದ್ದುಪಡಿ ಮಾತ್ರ. ಹಳೆಯ ದಾರಿಯ ಏರನ್ನು ಕ್ರಿಯಾವರ್ಧಕ ತಗ್ಗಿಸುತ್ತದೆ ಎಂದು ಮಕ್ಕಳು ಬರೆಯುತ್ತಾರೆ. ಹಳೆಯ ದಾರಿ ಇದ್ದ ಹಾಗೆಯೇ ಇರುತ್ತದೆ. ಹೊಸದೊಂದು ದಾರಿ ತೆರೆಯುತ್ತದೆ ಅಷ್ಟೇ, ಹೆಚ್ಚಿನ ಅಣುಗಳು ಅದರಲ್ಲಿ ಹೋಗುತ್ತವೆ. ಇನ್ನೊಂದು, ಏರು ಸ್ವಲ್ಪ ತಗ್ಗಿದರೆ ವೇಗ ಸ್ವಲ್ಪ ಹೆಚ್ಚುತ್ತದೆ ಎಂಬ ಭಾವನೆ ಆ ಉದಾಹರಣೆಯಿಂದ ಬರುತ್ತದೆ. ಹಾಗಲ್ಲ. ಹೈಡ್ರೋಜನ್ ಪೆರಾಕ್ಸೈಡ್ ತಾನಾಗಿ ಒಡೆಯಲು ಮೋಲ್‌ಗೆ ಸುಮಾರು 76 ಕಿಲೋಜೂಲ್ ಬೇಕು, ಅಯೋಡೈಡ್ ಹಾಕಿದರೆ ಸುಮಾರು 57 ಸಾಕು. ವ್ಯತ್ಯಾಸ ಕಾಲು ಭಾಗ ಮಾತ್ರ. ಆದರೆ ಅದು ಘಾತದಲ್ಲಿ ಕೂತಿರುವುದರಿಂದ, ಉಳಿದದ್ದೆಲ್ಲ ಒಂದೇ ಎಂದಿಟ್ಟುಕೊಂಡರೆ, ಕೋಣೆಯ ಉಷ್ಣತೆಯಲ್ಲಿ ವೇಗ ಸುಮಾರು 2,000 ಪಟ್ಟಾಗುತ್ತದೆ. ಈ ಸಂಖ್ಯೆಯನ್ನು ಮಕ್ಕಳಿಂದಲೇ ಲೆಕ್ಕ ಹಾಕಿಸಿ, ಆಗ ಅವರು ಮರೆಯುವುದಿಲ್ಲ.

ಪುತ್ತೂರು_ಉಪನ್ಯಾಸಕಿ

ಒಪ್ಪಿದೆ ಸರ್. ಮುಂದಿನ ತರಗತಿಯಲ್ಲಿ ಘಾಟಿಯ ಜೊತೆಗೆ ಈ ಲೆಕ್ಕವನ್ನೂ ಸೇರಿಸುತ್ತೇನೆ.

ಪಣಂಬೂರು_ಘಟಕ

ನಾನು ಓದು ಮುಗಿಸಿ ಕೈಗಾರಿಕೆಯಲ್ಲಿ ಕೆಲಸ ಮಾಡುತ್ತಿರುವವನು. ಒಂದು ಮಾತು ಹೇಳುತ್ತೇನೆ. ಕ್ರಿಯಾವರ್ಧಕವನ್ನು ಓದಲು ಮಂಗಳೂರಿಗಿಂತ ಒಳ್ಳೆಯ ಊರು ರಾಜ್ಯದಲ್ಲೇ ಇಲ್ಲ. ಪಣಂಬೂರಿನಲ್ಲಿ ಎಂಸಿಎಫ್ ರಸಗೊಬ್ಬರ ಕಾರ್ಖಾನೆ ಅಮೋನಿಯಾ ಮತ್ತು ಯೂರಿಯಾ ಮಾಡುತ್ತದೆ. ಕುತ್ತೆತ್ತೂರಿನಲ್ಲಿ ಎಂಆರ್‌ಪಿಎಲ್ ಕಚ್ಚಾ ತೈಲ ಶುದ್ಧೀಕರಿಸುತ್ತದೆ, ಪಾಲಿಪ್ರೊಪಿಲೀನ್ ಕೂಡ ಮಾಡುತ್ತದೆ. ಪುಸ್ತಕದಲ್ಲಿರುವ ಅರ್ಧ ಅಧ್ಯಾಯ ಈ ಹತ್ತಾರು ಕಿಲೋಮೀಟರ್ ಒಳಗೇ ನಡೆಯುತ್ತಿದೆ.

ಅಮೋನಿಯಾವನ್ನೇ ತೆಗೆದುಕೊಳ್ಳಿ. ಒಂದು ಮೋಲ್ ಸಾರಜನಕ ಮೂರು ಮೋಲ್ ಜಲಜನಕದೊಂದಿಗೆ ಸೇರುವಾಗ ಸುಮಾರು 92 ಕಿಲೋಜೂಲ್ ಉಷ್ಣ ಹೊರಬರುತ್ತದೆ. ಸಮತೋಲನದ ಲೆಕ್ಕದಲ್ಲಿ ಉಷ್ಣತೆ ಕಡಿಮೆ ಇದ್ದಷ್ಟೂ ಒಳ್ಳೆಯದು. ಆದರೆ ಸಾರಜನಕದ ತ್ರಿಬಂಧ ಒಡೆಯಲು ಮೋಲ್‌ಗೆ ಸುಮಾರು 945 ಕಿಲೋಜೂಲ್ ಬೇಕು, ತಣ್ಣಗಿದ್ದರೆ ಅದು ಅಲುಗಾಡುವುದಿಲ್ಲ. ಸಮತೋಲನ ಒಂದು ಕಡೆ ಎಳೆಯುತ್ತದೆ, ವೇಗ ಇನ್ನೊಂದು ಕಡೆ. ಈ ಜಗ್ಗಾಟಕ್ಕೆ ಸಿಕ್ಕ ಪರಿಹಾರ ಕಬ್ಬಿಣದ ಕ್ರಿಯಾವರ್ಧಕ, 400ರಿಂದ 500 ಡಿಗ್ರಿ ಉಷ್ಣತೆ, ವಾತಾವರಣದ ನೂರಾರು ಪಟ್ಟು ಒತ್ತಡ. ಹೇಬರ್ 1909ರಲ್ಲಿ ತೋರಿಸಿದ್ದನ್ನು ಬಾಷ್ 1913ರಲ್ಲಿ ಜರ್ಮನಿಯ ಒಪ್ಪಾವುನಲ್ಲಿ ಕಾರ್ಖಾನೆ ಮಾಡಿದರು. ಕಬ್ಬಿಣದ ಮೇಲೆ ಸಾರಜನಕದ ಅಣು ಒಡೆಯುವುದೇ ನಿಧಾನದ ಹಂತ ಎಂಬುದನ್ನು ಹಂತ ಹಂತವಾಗಿ ತೋರಿಸಿದವರು ಗೆರ್ಹಾರ್ಡ್ ಎರ್ಟ್ಲ್, ಅವರಿಗೆ 2007ರಲ್ಲಿ ನೊಬೆಲ್ ಬಂತು. ಕಾರ್ಖಾನೆ ಹುಟ್ಟಿದ ದಶಕಗಳ ಮೇಲೆ ಅದರೊಳಗೆ ಏನು ನಡೆಯುತ್ತದೆ ಎಂದು ಸ್ಪಷ್ಟವಾಗಿ ತಿಳಿಯಿತು.

ತರಗತಿಯಲ್ಲಿ ಹೇಳದೆ ಬಿಡುವ ಇನ್ನೊಂದು ವಿಷಯ, ಕ್ರಿಯಾವರ್ಧಕ ಸಾಯುತ್ತದೆ. ಕ್ರಿಯೆಯಲ್ಲಿ ಅದು ಖರ್ಚಾಗುವುದಿಲ್ಲ ಎಂಬ ವಾಕ್ಯ ಓದಿ ಬಂದ ಹುಡುಗರು ಅದು ಚಿರಂಜೀವಿ ಎಂದುಕೊಂಡಿರುತ್ತಾರೆ. ಗಂಧಕ ಸ್ವಲ್ಪ ತಗುಲಿದರೂ ಜಲಜನಕ ತಯಾರಿಸುವ ನಿಕ್ಕೆಲ್ ಕ್ರಿಯಾವರ್ಧಕ ಕೆಲಸ ನಿಲ್ಲಿಸುತ್ತದೆ. ಆದ್ದರಿಂದ ನಾಫ್ತಾ ಆಗಲಿ ಅನಿಲವಾಗಲಿ, ಗಂಧಕ ತೆಗೆದ ಮೇಲೆಯೇ ಮುಂದಕ್ಕೆ ಬಿಡುತ್ತಾರೆ. ಕಬ್ಬಿಣಕ್ಕೆ ಇಂಗಾಲದ ಮಾನಾಕ್ಸೈಡ್ ಮತ್ತು ನೀರಿನ ಆವಿ ಆಗದು. ತೈಲದ ದೊಡ್ಡ ಅಣುಗಳನ್ನು ಒಡೆಯುವ ಘಟಕದಲ್ಲಿ ಜಿಯೋಲೈಟ್ ಎಂಬ ಕ್ರಿಯಾವರ್ಧಕದ ಪುಡಿಯ ಮೇಲೆ ಕೆಲವೇ ಸೆಕೆಂಡುಗಳಲ್ಲಿ ಇದ್ದಿಲಿನ ಪದರ ಕೂರುತ್ತದೆ. ಅದನ್ನು ಪಕ್ಕದ ಪಾತ್ರೆಗೆ ಹರಿಸಿ, ಗಾಳಿ ಊದಿ, ಸುಮಾರು 700 ಡಿಗ್ರಿಯಲ್ಲಿ ಇದ್ದಿಲು ಸುಟ್ಟು, ಮತ್ತೆ ಕೆಲಸಕ್ಕೆ ಕಳಿಸುತ್ತಾರೆ. ಪುಡಿ ಹಗಲೂ ರಾತ್ರಿ ಹೀಗೆ ಸುತ್ತುತ್ತಲೇ ಇರುತ್ತದೆ. ಇದ್ದಿಲು ಸುಟ್ಟು ಬಂದ ಶಾಖವೇ ತೈಲ ಒಡೆಯಲು ಬೇಕಾದ ಶಾಖವನ್ನೂ ಒದಗಿಸುತ್ತದೆ. ಅಮೋನಿಯಾ ಗೋಪುರದ ಕಬ್ಬಿಣವಾದರೋ ಜೋಪಾನ ಮಾಡಿದರೆ ವರ್ಷಗಟ್ಟಲೆ ಬಾಳುತ್ತದೆ.

ಕಾಲೇಜಿನವರು ಕೈಗಾರಿಕಾ ಭೇಟಿಗೆ ಬಂದಾಗ ಗೋಪುರದ ಎತ್ತರ ಕೇಳಿ ಹೋಗುತ್ತಾರೆ. ಕ್ರಿಯಾವರ್ಧಕ ಯಾವಾಗ ಬದಲಿಸುತ್ತೀರಿ, ಅದು ಸೋತಿದೆ ಎಂದು ಹೇಗೆ ತಿಳಿಯುತ್ತದೆ ಎಂದು ಕೇಳಿ. ಅಲ್ಲಿರುವ ಎಂಜಿನಿಯರ್‌ಗಳು ಸಂತೋಷದಿಂದ ಹೇಳುತ್ತಾರೆ.

ಬಜ್ಪೆ_ಹಳೇ_ವಿದ್ಯಾರ್ಥಿ

ನಾನು ಓದುವಾಗ ಯಾರಾದರೂ ಇಷ್ಟು ಹೇಳಿದ್ದರೆ ರಸಾಯನಶಾಸ್ತ್ರ ಬಿಡುತ್ತಿರಲಿಲ್ಲ. ಹಂಪನಕಟ್ಟೆಯವರೇ, ನಿಮ್ಮ ಮೌಲ್ಯವನ್ನೇ ಬರೆಯಿರಿ.

ಮಣಿಪಾಲ_ಫಾರ್ಮಸಿ

ಔಷಧ ವಿಜ್ಞಾನದ ಕಡೆಯಿಂದಲೂ ಒಂದು ಮಾತು. ನಮ್ಮಲ್ಲಿ ಕೈನೆಟಿಕ್ಸ್ ಎಂದರೆ ಮಾತ್ರೆಯ ಪಟ್ಟಿಯ ಮೇಲೆ ಅಚ್ಚಾಗುವ ಅವಧಿ. ಔಷಧ ಶೇಕಡ 10ರಷ್ಟು ಕೆಡಲು ಹಿಡಿಯುವ ಕಾಲವನ್ನು ಲೆಕ್ಕ ಹಾಕುತ್ತೇವೆ. ಮೊದಲ ಆರ್ಡರ್ ಆದರೆ 0.105ನ್ನು ವೇಗ ಸ್ಥಿರಾಂಕದಿಂದ ಭಾಗಿಸಿದರೆ ಆಯಿತು. ಹಲವು ವರ್ಷ ಕಾಯಲು ಆಗದ ಕಾರಣ 40 ಡಿಗ್ರಿ ಉಷ್ಣತೆ, ಶೇಕಡ 75 ತೇವಾಂಶದಲ್ಲಿ ಆರು ತಿಂಗಳು ಇಟ್ಟು ಪರೀಕ್ಷಿಸುತ್ತಾರೆ. ಇಲ್ಲಿಯೂ ಅರೇನಿಯಸ್‌ನದ್ದೇ ಆಧಾರ.

ಆಸ್ಪಿರಿನ್ ಕೂಡ ಎಸ್ಟರ್. ಮಳೆಗಾಲದಲ್ಲಿ ಮುಚ್ಚಳ ಸಡಿಲವಾಗಿದ್ದ ಹಳೆಯ ಆಸ್ಪಿರಿನ್ ಡಬ್ಬಿ ತೆರೆದರೆ ವಿನೆಗರ್ ವಾಸನೆ ಬರುತ್ತದೆ. ತೇವ ತಗುಲಿ ಅದು ಸ್ಯಾಲಿಸಿಲಿಕ್ ಆಮ್ಲ ಮತ್ತು ಅಸಿಟಿಕ್ ಆಮ್ಲವಾಗಿ ಒಡೆದಿರುತ್ತದೆ. ಹಂಪನಕಟ್ಟೆಯವರ ಫ್ಲಾಸ್ಕಿನಲ್ಲಿ ನಡೆದದ್ದೇ ಆ ಡಬ್ಬಿಯಲ್ಲೂ ನಡೆದಿದೆ, ನಿಧಾನವಾಗಿ.

ಕಿಣ್ವಗಳ ವಿಷಯಕ್ಕೆ ಬಂದರೆ, ವಿಲ್ಹೆಲ್ಮಿ 1850ರಲ್ಲಿ ಆಮ್ಲದಲ್ಲಿ ಸಕ್ಕರೆ ಒಡೆಯುವ ವೇಗವನ್ನು ಪೋಲಾರಿಮೀಟರ್‌ನಿಂದ ಅಳೆದರು. ಕ್ರಿಯಾವೇಗವನ್ನು ಸಂಖ್ಯೆಯಲ್ಲಿ ಹಿಡಿದ ಆರಂಭದ ಕೆಲಸ ಅದು. 1913ರಲ್ಲಿ ಮೈಕೆಲಿಸ್ ಮತ್ತು ಮಾಡ್ ಮೆಂಟನ್ ಅದೇ ಸಕ್ಕರೆಯನ್ನು ಇನ್ವರ್ಟೇಸ್ ಕಿಣ್ವದಿಂದ ಒಡೆದು ತಮ್ಮ ಸಮೀಕರಣ ಕೊಟ್ಟರು. ಈ ಎರಡು ಪ್ರಯೋಗಗಳನ್ನು ಒಟ್ಟಿಗೆ ಓದಿ. ಆಮ್ಲದಲ್ಲಿ ಸಕ್ಕರೆ ಹೆಚ್ಚಿಸಿದಷ್ಟೂ ವೇಗ ಹೆಚ್ಚುತ್ತದೆ. ಕಿಣ್ವದಲ್ಲಿ ಒಂದು ಮಿತಿಯ ಮೇಲೆ ಹೆಚ್ಚುವುದಿಲ್ಲ, ಕಿಣ್ವದ ಜಾಗಗಳೆಲ್ಲ ತುಂಬಿರುತ್ತವೆ. ದೇಹದಿಂದ ಮದ್ಯಸಾರ ಹೊರಹೋಗುವುದು ಹೆಚ್ಚುಕಡಿಮೆ ಶೂನ್ಯ ಆರ್ಡರ್‌ನಲ್ಲಿ, ಗಂಟೆಗೆ ಇಷ್ಟೇ ಎಂಬ ಲೆಕ್ಕದಲ್ಲಿ. ಕಾರಣ ಇದೇ.

ಕಾರ್ಕಳ_ಪಿಯು_ಉಪನ್ಯಾಸಕ

ಪದವಿ ಕಾಲೇಜಿನವರ ಗಮನಕ್ಕೆ ಒಂದು ಸಂಗತಿ. ಎನ್‌ಸಿಇಆರ್‌ಟಿ 2022–23ರಲ್ಲಿ ಪಠ್ಯ ಕಡಿತ ಮಾಡಿದಾಗ ಹನ್ನೆರಡನೆಯ ತರಗತಿಯ ಮೇಲ್ಮೈ ರಸಾಯನಶಾಸ್ತ್ರದ ಅಧ್ಯಾಯವನ್ನು ಪೂರ್ತಿ ತೆಗೆಯಿತು. ಕೈನೆಟಿಕ್ಸ್ ಉಳಿದಿದೆ, ಅಧಿಶೋಷಣೆ (ಅಣುಗಳು ಮೇಲ್ಮೈಗೆ ಅಂಟಿಕೊಳ್ಳುವುದು) ಹೋಗಿದೆ. ಪಣಂಬೂರಿನವರು ಹೇಳಿದ ಕಬ್ಬಿಣ, ನಿಕ್ಕೆಲ್, ಜಿಯೋಲೈಟ್‌ಗಳ ಕಥೆಗೆ ಬುನಾದಿಯೇ ಆ ಅಧ್ಯಾಯ. ಅನಿಲದ ಅಣು ಲೋಹದ ಮೇಲೆ ಕೂರುವುದು ಎಂದರೇನು ಎಂಬುದನ್ನು ಕೇಳದೆಯೇ ಮಕ್ಕಳು ನಿಮ್ಮ ತರಗತಿಗೆ ಬರುತ್ತಿದ್ದಾರೆ. ನನಗೆ ಇದು ನಿಜವಾಗಿಯೂ ಬೇಸರದ ವಿಷಯ. ನಾನು ಕೊನೆಯ ವಾರದಲ್ಲಿ ಬಿಡುವು ಮಾಡಿಕೊಂಡು ಎರಡು ತರಗತಿ ಅದಕ್ಕೆಂದೇ ತೆಗೆದುಕೊಳ್ಳುತ್ತೇನೆ, ಪರೀಕ್ಷೆಗಿಲ್ಲ ಎಂದು ಹೇಳಿಯೇ.

ಕುಂದಾಪುರ_ಎಂಎಸ್ಸಿ

ಸರ್, ನನ್ನ ತಮ್ಮ ಆ ಕಡಿತದ ನಂತರದ ಬ್ಯಾಚಿನವನು, ಈಗ ಬಿ.ಎಸ್ಸಿ. ಅವನಿಗೆ ಮೇಲ್ಮೈ ಕ್ರಿಯಾವರ್ಧನೆಯನ್ನು ಯಾವ ಕ್ರಮದಲ್ಲಿ ಓದಿಸಬೇಕು? ಮನೆಯಲ್ಲಿ ನಾನೇ ಹೇಳಿಕೊಡುತ್ತಿದ್ದೇನೆ.

ಸುರತ್ಕಲ್_ಸಂಶೋಧಕಿ

ಲ್ಯಾಂಗ್‌ಮ್ಯೂರ್‌ನಿಂದ ಶುರು ಮಾಡಿ. ಮೇಲ್ಮೈಯಲ್ಲಿ ನಿರ್ದಿಷ್ಟ ಸಂಖ್ಯೆಯ ಜಾಗಗಳಿವೆ, ಒಂದು ಜಾಗದಲ್ಲಿ ಒಂದೇ ಅಣು, ಕೂರುವ ವೇಗ ಮತ್ತು ಏಳುವ ವೇಗ ಸಮವಾದಾಗ ಎಷ್ಟು ಜಾಗ ತುಂಬಿರುತ್ತದೆ? ಈ ಸಮೀಕರಣವನ್ನು ಅವನೇ ಬರೆಯಲಿ, ಅರ್ಧ ಪುಟ ಸಾಕು. ಅದು ಕೈಗೆ ಬಂದರೆ ಮಣಿಪಾಲದವರು ಹೇಳಿದ ಮೈಕೆಲಿಸ್–ಮೆಂಟನ್ ಕೂಡ ಅದೇ ಆಕಾರದ್ದು ಎಂದು ಅವನಿಗೇ ಹೊಳೆಯುತ್ತದೆ.

ಆಮೇಲೆ ಒಂದೇ ಅಣು ಮೇಲ್ಮೈಯಲ್ಲಿ ಒಡೆಯುವ ಕ್ರಿಯೆ. ಒತ್ತಡ ಕಡಿಮೆ ಇದ್ದಾಗ ಮೊದಲ ಆರ್ಡರ್, ಒತ್ತಡ ಹೆಚ್ಚಾದಾಗ ಶೂನ್ಯ ಆರ್ಡರ್. ಬಿಸಿ ಟಂಗ್‌ಸ್ಟನ್ ತಂತಿಯ ಮೇಲೆ ಅಮೋನಿಯಾ ಒಡೆಯುವುದು ಶೂನ್ಯ ಆರ್ಡರ್‌ಗೆ ಒಳ್ಳೆಯ ಉದಾಹರಣೆ.

ಕೊನೆಗೆ ಎರಡು ಅಣುಗಳು ಪಕ್ಕಪಕ್ಕದ ಜಾಗಗಳಲ್ಲಿ ಕೂತು ಸೇರುವ ಲ್ಯಾಂಗ್‌ಮ್ಯೂರ್–ಹಿನ್ಶೆಲ್‌ವುಡ್ ವಿಧಾನ. ಇದಕ್ಕೆ ಪ್ಲಾಟಿನಂ ಮೇಲೆ ಇಂಗಾಲದ ಮಾನಾಕ್ಸೈಡ್ ಸುಡುವುದನ್ನು ತೆಗೆದುಕೊಳ್ಳಿ. ಕಾರಿನ ಹೊಗೆ ಕೊಳವೆಯ ಕ್ರಿಯಾವರ್ಧಕ ಪೆಟ್ಟಿಗೆಯಲ್ಲಿ ನಡೆಯುವುದು ಅದೇ. ಮಾನಾಕ್ಸೈಡ್ ಲೋಹಕ್ಕೆ ಗಟ್ಟಿಯಾಗಿ ಅಂಟಿ ಜಾಗಗಳನ್ನೆಲ್ಲ ಹಿಡಿದುಬಿಡುತ್ತದೆ, ಆಮ್ಲಜನಕಕ್ಕೆ ಕೂರಲು ಎಡೆಯಿಲ್ಲ. ಆಗ ಮಾನಾಕ್ಸೈಡ್ ಹೆಚ್ಚಿಸಿದರೆ ವೇಗ ಇಳಿಯುತ್ತದೆ, ಅಂದರೆ ಅದರ ಆರ್ಡರ್ ಋಣ ಸಂಖ್ಯೆ. ಉಷ್ಣತೆ ಏರಿದರೆ ಅದು ಎದ್ದು ಹೋಗತೊಡಗಿ ಜಾಗ ಬಿಡುತ್ತದೆ. ಈಗಷ್ಟೇ ಚಾಲೂ ಮಾಡಿದ ತಣ್ಣಗಿನ ಎಂಜಿನ್ ಹೆಚ್ಚು ವಿಷಾನಿಲ ಬಿಡುವುದಕ್ಕೆ ಇದೂ ಒಂದು ಕಾರಣ. ತಮ್ಮನಿಗೆ ವೇಗ ಸಮೀಕರಣವನ್ನು ಕೊಟ್ಟುಬಿಡಬೇಡಿ. ಎರಡೂ ಅನಿಲಗಳು ಒಂದೇ ಜಾಗಕ್ಕೆ ಪೈಪೋಟಿ ನಡೆಸುತ್ತವೆ ಎಂದಷ್ಟೇ ಹೇಳಿ, ಮಾನಾಕ್ಸೈಡ್‌ನ ಒತ್ತಡದ ಎದುರು ವೇಗದ ಗ್ರಾಫ್ ಹೇಗಿರುತ್ತದೆ ಎಂದು ಮೊದಲು ಕೈಯಲ್ಲಿ ಎಳೆಯಲು ಹೇಳಿ. ಏರಿ ಇಳಿಯುವ ಗೆರೆ ಎಳೆದರೆ ಆಮೇಲೆ ಬೀಜಗಣಿತಕ್ಕೆ ಕೂರಿಸಿ. ಸಿಕ್ಕಿಕೊಂಡರೆ ಅವನ ಗ್ರಾಫಿನ ಚಿತ್ರವನ್ನು ಇಲ್ಲಿ ಹಾಕಿ, ನಾನು ನೋಡುತ್ತೇನೆ.